ಮಗ್ಗಿಯ ಮೊದಲರ್ಧ

ನನಗೆ ಮಗ್ಗಿ ಕಲಿಸಿದವಳು ನನ್ನವ್ವ, ಅದೂ ಒಲೆಯ ಮುಂದೆ ಕೂತು. ಮಾನವಿ ಊರಿನ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತ ಅವಳು "ಎರಡೊಂದ್ಲೆ" ಎನ್ನುವಳು, ನಾನು "ಎರಡು" ಎನ್ನಬೇಕು. "ಎರಡೆರಡ್ಲೆ" ಎಂದರೆ "ನಾಲ್ಕು". ನಮ್ಮ ಓಣಿಯಲ್ಲಿ ಮಕ್ಕಳಿಗೆ ಮಗ್ಗಿ ರೂಢಿ ಮಾಡಿಸುತ್ತಿದ್ದದ್ದೇ ಹೀಗೆ. ದೊಡ್ಡವರು ಮೊದಲರ್ಧ ಅನ್ನುವುದು, ಸಣ್ಣವರು ಕಡೆಯರ್ಧ ಕೂಡಿಸುವುದು. ರೊಟ್ಟಿಯ ಸಪ್ಪಳಕ್ಕೆ ಸರಿಯಾಗಿ ಅದು ಸಾಗುತ್ತಿತ್ತು. ಹಿಟ್ಟು ಮುಗಿದರೆ ಮಗ್ಗಿಯೂ ಮುಗಿಯಿತು. ಐದರ ಮಗ್ಗಿ ತನಕ ನನಗೆ ಬಾಯಿಪಾಠ ಎಂದು ಅವ್ವ ನೀರಿಗೆ ಹೋದಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಬರುತ್ತಿದ್ದದ್ದು ಅರ್ಧ ಮಾತ್ರ ಎನ್ನುವುದು ನನಗೂ ತಿಳಿದಿರಲಿಲ್ಲ, ಅವಳಿಗೂ ತಿಳಿದಿರಲಿಲ್ಲ.

ನನ್ನನ್ನು ಶಾಲೆಗೆ ಹಾಕುವ ವರ್ಷವೇ ಅವ್ವ ಬಸುರಿಯಾಗಿ ತವರಿಗೆ, ದೇವದುರ್ಗಕ್ಕೆ ಹೋದಳು. ಅಪ್ಪನಿಗೆ ಗುಡಿಯ ಪೂಜೆ ಬಿಟ್ಟು ಅಲ್ಲಾಡುವ ಹಾಗಿಲ್ಲ. ನನ್ನನ್ನು ರಾಯಚೂರಿಗೆ ತಂದು ತನ್ನ ಅಕ್ಕನ ಮನೆಯಲ್ಲಿ ಬಿಟ್ಟ. ನಾನು ಅವನ ಧೋತರದ ಚುಂಗು ಹಿಡಿದು ಬಿಡಲೇ ಇಲ್ಲ. ಆಗ ಅವನು ಕುಕ್ಕರುಗಾಲಲ್ಲಿ ಕೂತು ಹೇಳಿದ: "ಅಳಬ್ಯಾಡ ಯವ್ವಾ. ಹತ್ತರ ತನಕ ಮಗ್ಗಿ ಒಬ್ಬಾಕಿನೇ ತಪ್ಪದ ಹೇಳು. ಅವತ್ತೇ ನಿಮ್ಮವ್ವನ ಕಡಿ ಕರ್ಕೊಂಡು ಹೋಗ್ತೀನಿ." ಅಳುವ ಮಗುವಿನ ಬಾಯಿ ಮುಚ್ಚಿಸಲು ಆಡಿದ ಮಾತು ಅದು. ನಾನು ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅಲ್ಲಿ ನನ್ನನ್ನು ಹಾಕಿದ್ದು ಹೆಣ್ಣುಮಕ್ಕಳ ಶಾಲೆಗೆ, ಆ ಕಾಲದಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಸಣ್ಣ ತರಗತಿಯ ನಮ್ಮನ್ನು ಮಾತ್ರ ಉಸ್ತಾನಿ, ಅಂದರೆ ನಮ್ಮ ಟೀಚರು, ಮಗ್ಗಿಯನ್ನು ಕನ್ನಡದಲ್ಲೇ ಹೇಳಲು ಬಿಡುತ್ತಿದ್ದಳು. ನನ್ನ ಸರದಿ ಬಂದಾಗ ಎದ್ದು ನಿಂತು "ಎರಡು, ನಾಲ್ಕು, ಆರು, ಎಂಟು" ಎಂದು ಶುರುಮಾಡಿದೆ. ನಡುವೆ ನಡುವೆ ಸುಮ್ಮನೆ ನಿಲ್ಲುತ್ತಿದ್ದೆ. ಅಲ್ಲಿ ಅವ್ವನ ಪಾಲಿತ್ತಲ್ಲ.

"ಖಾಲಿ ಜವಾಬ್ ಹೇಳ್ತೀಯಲ್ಲ ಬೇಟಿ, ಸವಾಲ್ ಎಲ್ಲಿ ಹೋಯ್ತು?" ಎಂದಳು ಉಸ್ತಾನಿ.

ಸವಾಲ್ ದೇವದುರ್ಗಕ್ಕೆ ಹೋಗಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹುಡುಗಿಯರೆಲ್ಲ ನಕ್ಕರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಮೊದಲರ್ಧವನ್ನು ನಾನು ನಿತ್ಯ ಕೇಳಿದ್ದೆನೇ ಹೊರತು ಒಮ್ಮೆಯೂ ನನ್ನ ಬಾಯಿಂದ ಆಡಿರಲಿಲ್ಲ. ಆರೊಂದ್ಲೆಯಿಂದ ಆಚೆಗಂತೂ ಎರಡೂ ಅರ್ಧ ಹೊಸದಾಗಿ ಕಲಿಯಬೇಕಿತ್ತು.

ಮನೆಯಲ್ಲಾದರೂ ಯಾರಾದರೂ ಜೊತೆ ಕೂಡಬೇಕಲ್ಲ. ಅತ್ತೆ ಕೆಟ್ಟವಳಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಲು ಬಡಿಸುತ್ತಿದ್ದಳು, ಕಣ್ಣು ಮೇಲಕ್ಕೆ ಜಗ್ಗುವಷ್ಟು ಬಿಗಿಯಾಗಿ ಹೆರಳು ಹಾಕುತ್ತಿದ್ದಳು. ಆದರೆ ಆ ವರ್ಷ ಸಂಜೆಯ ಮೌನ ಹಿಡಿದಿದ್ದಳು. ದೀಪ ಹಚ್ಚಿದ ಮೇಲೆ ಚುಕ್ಕಿ ಕಾಣುವ ತನಕ ಬಾಯಿ ಬಿಡಬಾರದು, ಅದು ವ್ರತ. ಮಕ್ಕಳಿಲ್ಲದ ಮನೆಯಲ್ಲಿ ಅಂಥ ವ್ರತಕ್ಕೆ ಅಡಚಣೆಯಾದರೂ ಏನಿರುತ್ತದೆ? ಮಾವ ಕಚೇರಿಯಿಂದ ಬಂದರೆ ಜಗುಲಿಯಿಂದ ಒಳಗೆ ಬರುತ್ತಿರಲಿಲ್ಲ. ಮಕ್ಕಳು ಮಗ್ಗಿ ಹೇಳುವ ಹೊತ್ತೂ ಅದೇ. ಅತ್ತೆ ದೇವರ ಮುಂದೆ ಹೂಬತ್ತಿ ಹೊಸೆಯುತ್ತ ಕೂತರೆ ನಾನು ಎದುರು ಕೂತು, "ಅತ್ತೀ, ಆರೊಂದ್ಲೆ ಅನ್ನು, ಒಂದ್ಸಲ ಅನ್ನು ಸಾಕು" ಎಂದು ಗೋಗರೆಯುತ್ತಿದ್ದೆ. ಆಕೆ ಬತ್ತಿ ಹಿಡಿದ ಕೈಯನ್ನು ಆಕಾಶದ ಕಡೆಗೆ ತೋರಿಸುವಳು.

ಮೋಡ ಕವಿದ ದಿನ ಇನ್ನೂ ಕಷ್ಟ. ನಾನು ಅಂಗಳಕ್ಕೆ ಓಡಿ ಬಂದು ಚುಕ್ಕಿ ಕಂಡಿತು ಎಂದು ಸುಳ್ಳು ಹೇಳಿದರೆ, ಆಕೆ ಸೆರಗು ಸರಿಮಾಡಿಕೊಂಡು ಎದ್ದು, ಹೊರಗೆ ನಿಂತು ಕತ್ತೆತ್ತಿ ನೋಡಿ, ಮತ್ತೆ ಬಂದು ಕೂರುವಳು. ನಿಜವಾಗಿ ಚುಕ್ಕಿ ಕಂಡ ಕೂಡಲೇ ಆಡುತ್ತಿದ್ದ ಮೊದಲ ಮಾತು, "ಒಲಿಗೆ ಕಟಿಗಿ ತಾ."

ಮಗ್ಗುಲ ಮನೆಯ ಮಕ್ಕಳು ಸಾಲಾಗಿ ಕೂತು ಮಗ್ಗಿ ಕೂಗುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಆ ಹೊತ್ತಿನಲ್ಲಿ ನನಗೆ ಎಷ್ಟು ಬೇಸರವಾಗುತ್ತಿತ್ತೆಂದರೆ ಗೋಡೆಗೆ ಕಿವಿ ಹಚ್ಚಿ, ಅವರು "ಐದ್ಮೂರ್ಲೆ" ಅಂದರೆ ಈ ಕಡೆಯಿಂದ ನಾನು "ಹದಿನೈದು" ಅನ್ನುತ್ತಿದ್ದೆ. ಅವರ ಹದಿನೈದು ನನ್ನದನ್ನು ಮುಚ್ಚಿಹಾಕುತ್ತಿತ್ತು. ಒಬ್ಬರಿಗೂ ನಾನಿದ್ದದ್ದು ಗೊತ್ತಾಗಲಿಲ್ಲ.

ಕೊನೆಗೆ ನಾನೇ ಅವ್ವನಾದೆ. ಅವ್ವನ ದನಿ ಸ್ವಲ್ಪ ದಪ್ಪ, ನೆಗಡಿಯಾದ ಹಾಗೆ. ಮೊದಲರ್ಧವನ್ನು ಆ ದನಿಯಲ್ಲಿ ಅನ್ನುವುದು, ಕಡೆಯರ್ಧವನ್ನು ನನ್ನ ದನಿಯಲ್ಲಿ. ಕೇಳಿದವರು ಹುಡುಗಿಗೆ ಏನೋ ಬಡಿದಿದೆ ಎನ್ನಬೇಕು, ಹಾಗಿತ್ತು. ಅತ್ತೆ ಕೂಡ ಮೊದಲ ದಿನ ಬತ್ತಿ ಹೊಸೆಯುವುದು ಬಿಟ್ಟು ನನ್ನನ್ನೇ ನೋಡಿದಳು. ಶಾಲೆಯಲ್ಲೂ ಗೋಡೆಯಾಚೆಯಿಂದಲೂ ಕಿವಿಗೆ ಬಿದ್ದದ್ದನ್ನೇ ಹೀಗೆ ನಿತ್ಯ ಹೇಳಿಕೊಂಡೆ. ತಪ್ಪಿದರೆ ಅವ್ವನ ದನಿಯಲ್ಲೇ ಬೈದುಕೊಂಡೆ. ಆರರದು ಬಂತು, ಏಳರದು ಸತಾಯಿಸಿತು, ಒಂಬತ್ತರದು ತಾನಾಗಿ ಬಂತು. ನಾಲಿಗೆಗೆ ಓಟ ಸಿಕ್ಕಂತೆ ಎರಡು ದನಿ ಮಾಡುವ ಪುರುಸೊತ್ತು ಉಳಿಯಲಿಲ್ಲ. ಒಂದು ಸಂಜೆ ಬೇಕೆಂದೇ ಅವ್ವನ ದನಿ ತೆಗೆಯಲು ನೋಡಿದೆ, ಬರಲಿಲ್ಲ. ಹೇಗಿತ್ತು ಎಂದು ಎಷ್ಟು ನೆನೆದರೂ ಹತ್ತಲಿಲ್ಲ. ಹೆದರಿಕೆಯಾಯಿತು. ಹೋದ ಕೂಡಲೇ ಕೇಳಿಕೊಂಡರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಅಪ್ಪ ಬಂದ ದಿನ ಅವನನ್ನು ಕಾಲು ತೊಳೆಯಲೂ ಬಿಡದೆ ಹತ್ತರ ತನಕ ಒಪ್ಪಿಸಿದೆ. ಅವನಿಗೆ ತನ್ನ ಮಾತು ಮರೆತೇ ಹೋಗಿತ್ತು. ನಾನು ನೆನಪು ಮಾಡಿಕೊಟ್ಟಾಗ ಅತ್ತೆಯ ಮುಖ ನೋಡಿದ. "ಕೂಸು ಹಗಲೂ ರಾತ್ರಿ ಅದನ್ನೇ ಹೇಳ್ಕೊಂಡು ಕುಂತದ, ಕರ್ಕೊಂಡು ಹೋಗೋ" ಎಂದಳು ಅತ್ತೆ. ಮರುದಿನ ದೇವದುರ್ಗದ ಬಸ್ಸು ಹತ್ತಿದೆವು.

ಅವ್ವ ಬಾಣಂತಿಕೋಣೆಯಲ್ಲಿ ಕಿವಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು, ತೊಡೆಯ ಮೇಲೆ ತಮ್ಮ. ಬಹಳ ಸೊರಗಿದ್ದಳು. ಹತ್ತರ ತನಕ ಬರುತ್ತದಂತೆ ಎಂದು ಅಪ್ಪ ಹೇಳಿದ್ದೇ ತಡ, ಮನೆಮಂದಿಯೆಲ್ಲ ಬಾಗಿಲಿಗೆ ಬಂದು ನಿಂತರು. ಅವ್ವನ ಮುಖ ಅರಳಿತು. ಕೂಸನ್ನು ಇನ್ನೊಂದು ತೊಡೆಗೆ ಸರಿಸಿ, ಗಂಟಲು ಸರಿಮಾಡಿಕೊಂಡು, ನನ್ನನ್ನು ನೋಡುತ್ತ "ಎರಡೊಂದ್ಲೆ" ಎಂದಳು.

"ಎರಡೊಂದ್ಲೆ ಎರಡು ಎರಡೆರಡ್ಲೆ ನಾಲ್ಕು ಎರಡ್ಮೂರ್ಲೆ ಆರು" ಎಂದು ನಾನು ಹೊರಟುಬಿಟ್ಟೆ. ರೂಢಿಯಾದ ಬಾಯಿ, ನಿಲ್ಲಲಿಲ್ಲ. ಅವ್ವನ ತುಟಿ ಸ್ವಲ್ಪ ದೂರ ನನ್ನ ಜೊತೆ ಅಲುಗಾಡಿತು, ಆಮೇಲೆ ಸುಮ್ಮನಾಯಿತು. "ಹತ್ಹತ್ಲೆ ನೂರು" ಅಂದಾಗ ಎಲ್ಲರೂ ಭೇಷ್ ಎಂದರು.

"ಎಲ್ಲಾ ನೀನೇ ಅಂದ್ಬಿಟ್ಟೀ" ಎಂದಳು ಅವ್ವ, ನಗುತ್ತಲೇ.

ಮರುದಿನ ಬೆಳಿಗ್ಗೆ ಯಾರೂ ಇಲ್ಲದ್ದು ನೋಡಿ ಅವಳ ಮಗ್ಗುಲಿಗೆ ಹೋಗಿ ಕೂತೆ. "ಅವ್ವಾ, ಮೂರರದು ನೀ ಅನ್ನು. ನಾ ಬರೇ ಕಡೀದು ಅಂತೀನಿ."

"ನಿನಗ ಪೂರಾ ಬರ್ತದಲ್ಲ ನನ್ನವ್ವಾ, ಇನ್ನ ನಾ ಯಾಕ?" ಎಂದಳು. "ಇಲ್ಲಿ, ನಿನ್ನ ತಮ್ಮನ್ನ ಸ್ವಲ್ಪ ಹಿಡ್ಕೋ."

ರಾಯಚೂರಿನಲ್ಲಿ ಅಷ್ಟು ಸಂಜೆ ಒಬ್ಬಳೇ ಕೂತಿದ್ದೆ. ಅವ್ವನ ಪಕ್ಕದಲ್ಲಿ ಕೂತು ಆ ಬೆಳಿಗ್ಗೆ ಆದಷ್ಟು ದುಃಖ ಅಲ್ಲಿ ಒಂದು ದಿನವೂ ಆಗಿರಲಿಲ್ಲ. ನನಗೆ ಬರುವುದಿಲ್ಲ ಎಂದು ಹೇಳಿಬಿಡೋಣ ಅನಿಸಿತು. ಆದರೆ ಮನೆಮಂದಿಯೆಲ್ಲ ಕೇಳಿಯಾಗಿತ್ತು. ಕೈಚಾಚಿ ತಮ್ಮನನ್ನು ಎತ್ತಿಕೊಂಡೆ.