ಹಿಮದ ಮೇಲೆ ಹಾರುವವರು ಮತ್ತು ಗಂಗತ್ತೆಯ ರಾಶಿ

ಮೊನ್ನೆ ಭಾನುವಾರ ಉದಗೀರದ ನಮ್ಮ ಮನೆಯಲ್ಲಿ ಕೂತು ಮನುಷ್ಯರು ಹಾರುವುದನ್ನು ಟಿವಿಯಲ್ಲಿ ನೋಡಿದೆ. ನಗಬೇಡಿ. ಅದಕ್ಕೆ ಸ್ಕೀ ಫ್ಲೈಯಿಂಗ್ ಅನ್ನುತ್ತಾರಂತೆ. ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್ಪೇ ನಡೆದಿತ್ತು. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರಿ ಬಂದು, ತುದಿಯಲ್ಲಿ ಚಿಮ್ಮಿ, ಇನ್ನೂರು ಮೀಟರಿಗೂ ಆಚೆ ಇಳಿಯುವ ಆಟ. ಹಿಮವನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ ಕಂಡವನಿಗೆ ಇದರ ಉಸಾಬರಿ ಯಾಕೆ ಅನ್ನುತ್ತೀರಿ. ನನ್ನನ್ನು ಹಿಡಿದು ಕೂರಿಸಿದ್ದು ಹಾರಾಟವಲ್ಲ, ಅದಕ್ಕೂ ಮುಂಚಿನ ಕಾಯುವ ಹೊತ್ತು. ಎತ್ತರದಲ್ಲಿ ಒಂದು ಅಡ್ಡಪಟ್ಟಿಯ ಮೇಲೆ ಆಟಗಾರ ಕೂತಿರುತ್ತಾನೆ. ಗಾಳಿ ಸರಿಯಿಲ್ಲದಿದ್ದರೆ ಕೆಂಪು ದೀಪ. ಗಾಳಿ ಹದಕ್ಕೆ ಬಂದರೆ ಹಸಿರು. ತರಬೇತಿ ಕೊಟ್ಟವನು ಬಾವುಟ ಬೀಸುತ್ತಾನೆ, ಇವನು ಜಾರುತ್ತಾನೆ.

"ನಮ್ಮಪ್ಪಾನೂ ಹಿಂಗೇ ಗಾಳಿ ಕಾದು, ಒಂದೇ ಮಧ್ಯಾಹ್ನದಾಗ ವಲಾಂಡಿ ರಾಶಿ ಪೂರಾ ತೂರ್ಯಾನ," ಅಂದ ಪಕ್ಕದಲ್ಲಿದ್ದ ಮಗ, ತಾಯಿಯ ಕಡೆ ತಿರುಗಿ. ನಾನು ಎಂದಿನಂತೆ ಮೀಸೆ ಸವರಿಕೊಂಡೆ. ಇದು ನಾನು ಮೂವತ್ತು ವರ್ಷಕ್ಕೂ ಮೇಲೆ ಸಾಕಿಕೊಂಡು ಬಂದ ಸುಳ್ಳು. ನಿಜ ಏನೆಂದು ಮೊದಲು ನಿಮಗೇ ಹೇಳಿಬಿಡುತ್ತೇನೆ.

ನಾನು ಆಗ ಮುರುಮದಲ್ಲಿದ್ದೆ, ಬಟ್ಟೆ ಅಂಗಡಿಯವನು. ಗಂಗತ್ತೆ ನನ್ನ ತಂದೆಯ ತಂಗಿ. ವಲಾಂಡಿಯ ಒಕ್ಕಲು ಮನೆಗೆ ಕೊಟ್ಟಿದ್ದರು. ಆ ವರ್ಷ ಸುಗ್ಗಿಯ ನಡುವೆ ಮಾಮ ಜ್ವರ ಬಂದು ಮಲಗಿದ. ತುಳಿಸಿದ ಜೋಳ ಕಣದಲ್ಲೇ ಬಿದ್ದಿತ್ತು, ಪಡುವಣದಲ್ಲಿ ಮೋಡ ಕಟ್ಟಿತ್ತು. ಹೊಟ್ಟು ಗಾಳಿಗೆ ಹಾರಿ ಕಾಳು ಉಳಿಯುವಂತೆ ತೂರಲು ಎತ್ತರದ ಮುಕ್ಕಾಲಿ ಹತ್ತಬೇಕು. ಆ ಮನೆಯಲ್ಲಿ ಹೆಂಗಸರು ಅದನ್ನು ಹತ್ತುವಂತಿರಲಿಲ್ಲ; ಹತ್ತಿದರೆ ರಾಶಿಯ ಬರಕತ್ತು, ಅಂದರೆ ಸಮೃದ್ಧಿ, ಹೋಗುತ್ತದಂತೆ. ಮಾಮನ ಅಣ್ಣ, ಅಂದರೆ ದೊಡ್ಡಮಾಮನಿಗೆ ಮೊಣಕಾಲು ನೋವು. ಹೀಗಾಗಿ ಗಂಡಸು ಎಂಬ ಒಂದೇ ಅರ್ಹತೆಯ ಮೇಲೆ ನನಗೆ ಬುಲಾವು ಬಂತು.

ಗಿರಾಕಿಗೆ ಬೆನ್ನು ತೋರಿಸಬಾರದು ಎಂದು ಅಂಗಡಿಯಲ್ಲಿ ಕಲಿತವನು ನಾನು. ಮುಕ್ಕಾಲಿ ಹತ್ತಿ, ಕೆಳಗೆ ನಿಂತವರ ಕಡೆ ಮುಖ ಮಾಡಿ, ವಿನಯದಿಂದ ಬುಟ್ಟಿ ಸುರಿದೆ. ಅವರು ನಿಂತದ್ದು ಗಾಳಿ ಬರುವ ದಿಕ್ಕಿನಲ್ಲಿ! ಹೊಟ್ಟೆಲ್ಲ ನನ್ನ ಮುಖಕ್ಕೆ ಹೊಡೆದು, ನನ್ನ ಬೆನ್ನ ಹಿಂದೆ, ಜ್ವರಕ್ಕೆ ಮೊದಲೇ ಮಾಮ ತೂರಿಟ್ಟಿದ್ದ ಹಸನಾದ ಕಾಳಿನ ಮೇಲೆ ಹೋಗಿ ಬಿತ್ತು.

"ಇಳಿ ಕೆಳಗ. ಇದು ಸೀರಿ ಅಂಗಡಿ ಅಲ್ಲ," ಅಂದಳು ಅತ್ತೆ. ಸೆರಗು ಬಿಗಿದು ತಾನೇ ಹತ್ತಿದಳು.

"ಗಂಗವ್ವ, ಹೆಣ್ಮಕ್ಕಳು ಹತ್ತಬಾರದು. ಬರಕತ್ ಹೋಗ್ತದ," ದೊಡ್ಡಮಾಮ ಕೂಗಿದ.

"ಮಳಿ ಬಂದ್ರ ರಾಶೀನೇ ಹೋಗ್ತದ, ಭಾವನೋರ. ಮ್ಯಾಲ ಯಾರು ನಿಂತಾರಂತ ಗಾಳಿ ಕೇಳ್ಕೋತ ಬರ್ತದೇನ್ರೀ?"

ಬುಟ್ಟಿ ಎತ್ತಿ ಹಿಡಿದು, ಕಣದಂಚಿನ ಬೇವಿನ ಎಲೆಯ ಮೇಲೆ ಕಣ್ಣಿಟ್ಟು ಆಕೆ ಕಾದಳು. ಎಲೆ ಅಲುಗಿದರೆ ಸುರಿಯುವಳು, ನಿಂತರೆ ನಿಲ್ಲಿಸುವಳು. ನಾನು ಕೆಳಗಿಂದ ಬುಟ್ಟಿ ತುಂಬಿ ಕೊಟ್ಟೆ, ಅಷ್ಟೇ. ಸಂಜೆ ಮಳೆ ಬಂದಾಗ ಕಣದಲ್ಲಿ ನೆನೆಯಲು ಹೊಟ್ಟು ಮಾತ್ರ ಉಳಿದಿತ್ತು.

ಮರುದಿನ ಊಟಕ್ಕೆ ಬಂದ ನೆಂಟರಿಗೆ ದೊಡ್ಡಮಾಮ, "ನಮ್ಮ ಮುರುಮದ ಹುಡುಗ ತೂರ್ಯಾನ," ಅಂದ. ಮನೆತನದ ಮಾನವೂ ಉಳಿಯಿತು, ಬರಕತ್ತೂ ಉಳಿಯಿತು. ನೆಂಟರು ನನ್ನ ಬೆನ್ನು ತಟ್ಟಿದರು. ನಾನೋ, ನಾಚಿಕೆ ಬಿಟ್ಟು, ಗಾಳಿ ನೋಡುವುದು ಹೇಗೆಂದು ಅವರಿಗೆ ಪಾಠ ಹೇಳತೊಡಗಿದೆ. ಬಡಿಸುತ್ತಿದ್ದ ಅತ್ತೆ ಪಂಕ್ತಿಯ ನಡುವೆ ನಿಂತಳು.

"ಅಂವಾ ತೂರಿಲ್ಲ. ನಾ ತೂರೀನಿ. ಬ್ಯಾಡಾದವರು ಈ ಜೋಳದ ರೊಟ್ಟಿ ಉಣಬ್ಯಾಡ್ರಿ."

ಯಾರೂ ಏಳಲಿಲ್ಲ, ದೊಡ್ಡಮಾಮನೊಬ್ಬನನ್ನು ಬಿಟ್ಟು. ಅವನು ಆ ಬೇಸಿಗೆಯುದ್ದಕ್ಕೂ ಹಳೆಯ ಜೋಳವನ್ನೇ ಬೇರೆ ಬೀಸಿಸಿ ಉಂಡ. ಹಳೆಯದು ತೀರಿದ ದಿನ ಸುಮ್ಮನೆ ಬಂದು ಕೂತ. ಅತ್ತೆ ಮುರಿಯದೆ ಇಡೀ ರೊಟ್ಟಿ ಇಟ್ಟು, "ನಾ ತೂರಿದ್ದದ, ನೋಡ್ರಿ," ಅಂದಳಂತೆ. ಅಂದಿನಿಂದ ಒಂದು ದಿನವೂ ಹಾಗೆ ಅನ್ನದೆ ಬಡಿಸಲಿಲ್ಲವಂತೆ.

ವಲಾಂಡಿಯಲ್ಲಿ ಬಯಲಾದ ಸುಳ್ಳನ್ನು ನಾನು ಮುರುಮಕ್ಕೆ ತಂದು ಮತ್ತೆ ಚಲಾವಣೆಗೆ ಬಿಟ್ಟೆ. ನಿಲಂಗಾದಲ್ಲಿ ಹೆಣ್ಣು ನೋಡಲು ಹೋದಾಗಲೂ ಅದೇ ಕಥೆ ಹೇಳಿದ್ದೆ.

ಟಿವಿಯಲ್ಲಿ ಹಾರುತ್ತಿದ್ದವರೆಲ್ಲ ಗಂಡಸರೇ. ಇಷ್ಟು ದೊಡ್ಡ ಇಳಿಜಾರಿಗೆ ಹೆಣ್ಣುಮಕ್ಕಳನ್ನು ಬಿಟ್ಟದ್ದೇ ಈಚೆಗೆ ಎಂದು ಟಿವಿಯವರು ಹೇಳಿದರು.

"ಬಿದ್ರ ಕೈಕಾಲು ಮುರೀತಾವ, ಅದಕ್ಕ ಇಷ್ಟು ದಿನ ಬಿಟ್ಟಿದ್ದಿಲ್ಲ," ಅಂದ ಮಗ.

ನನಗೆ ಸಿಟ್ಟು ನೆತ್ತಿಗೇರಿತು. "ಗಂಡಸ್ರು ಬಿದ್ರ ಮುರಿಯಂಗಿಲ್ಲೇನು? ಕೇಳಿಲ್ಲಿ. ವಲಾಂಡಿ ರಾಶಿ ತೂರ್ದಾಕಿ ಗಂಗತ್ತಿ. ನಾ ಹೊಟ್ಟು ಹಾರಿಸಿ ಇದ್ದ ಕಾಳೂ ಕೆಡಿಸಿದ್ದೆ."

ಮಗ ಟಿವಿಯ ದನಿ ಇಳಿಸಿದ. ನಿಜ ಹೇಳಿದರೂ ನಾಚಿಕೆ ಹಾಗೇ ಇತ್ತು. ಹೆಂಡತಿಯ ಮುಖ ನೋಡಲು ಧೈರ್ಯವಾಗಲಿಲ್ಲ. ಕೊನೆಗೆ ನೋಡಿದರೆ ಆಕೆ ನಗುತ್ತಿದ್ದಳು.

"ನನಗ ಗೊತ್ತದ ಬಿಡ್ರಿ. ನೀವು ನನ್ನ ನೋಡ್ಕೊಂಡು ಹೋದ ವಾರದಾಗೇ ಗಂಗತ್ತಿ ನಿಲಂಗಾಕ್ಕ ಬಸ್ ಹತ್ತಿ ಬಂದಿದ್ರು. ‘ಹುಡುಗ ಚಲೋ ಅದಾನ, ಮಾಡ್ಕೋ. ರಾಶಿ ಮಾತ್ರ ನಂದು’ ಅಂತ ಹೇಳಿ, ನೀರು ಕುಡ್ದು, ವಾಪಸ್ ಹೋದ್ರು."