ಮಿಲ್ ಲೇನ್ ಹುಲ್ಲಿನ ಕೆಳಗೆ ಅರವತ್ತೊಂದು ಜನ

ಹುಲ್ಲಿನ ಮೇಲೆ ಕಾಲಿಟ್ಟವರನ್ನು ಕ್ಲಿಫರ್ಡ್ ಎಂಟ್‌ವಿಸಲ್ ಬೈಯದೆ ಬಿಟ್ಟದ್ದನ್ನು ನಾನು ನೋಡಿಲ್ಲ. ಹೆಥರ್‌ಶಾ ಟೌನ್ ಫುಟ್‌ಬಾಲ್ ಕ್ಲಬ್ಬಿನ ಮಿಲ್ ಲೇನ್ ಮೈದಾನವನ್ನು ಅವನು ಮೂವತ್ತೆಂಟು ವರ್ಷ ನೋಡಿಕೊಂಡ. ಒಮ್ಮೆ ಊರಿನ ಮೇಯರ್ ಬೂಟು ಹಾಕಿಕೊಂಡೇ ಮೈದಾನದ ನಡುವೆ ನಡೆದು ಬಂದಾಗ, "ಸ್ವಾಮಿ, ನಿಮ್ಮನೆ ಹಾಸಿಗೆ ಮೇಲೂ ಹೀಗೇ ನಡೀತೀರಾ?" ಎಂದು ಕೇಳಿದ್ದ. ಆಟಗಾರರು ಅಲ್ಲಿ ಆಡುವುದೂ ಅವನಿಗೆ ಅಷ್ಟಕ್ಕಷ್ಟೇ. ಆಟವಿಲ್ಲದ ಜೂನ್ ತಿಂಗಳೇ ಅವನ ಹಬ್ಬ.

ಜೂನಿನಲ್ಲಿ ಇನ್ನೊಂದು ಕೆಲಸವೂ ಇರುತ್ತಿತ್ತು. ನಮ್ಮೂರಿನಲ್ಲಿ ಹಲವರು ತಮ್ಮ ಬೂದಿಯನ್ನು ಮಿಲ್ ಲೇನ್ ಮೈದಾನಕ್ಕೇ ಸೇರಿಸಬೇಕೆಂದು ಸಾಯುವ ಮುನ್ನ ಹೇಳಿಡುತ್ತಾರೆ. ಮೇಲೆ ಚೆಲ್ಲಿದರೆ ಹುಲ್ಲು ಸುಟ್ಟುಹೋಗುತ್ತದೆಂದು ಕ್ಲಿಫರ್ಡ್ ಚೆಲ್ಲಲು ಬಿಡುತ್ತಿರಲಿಲ್ಲ. ಊಟದ ತಟ್ಟೆಯಷ್ಟಗಲ ಹುಲ್ಲನ್ನು ಬೇರುಸಮೇತ ಎತ್ತಿ, ಕೆಳಗಿನ ಮಣ್ಣಿಗೆ ಎರಡು ಹಿಡಿ ಬೂದಿ ಬೆರೆಸಿ, ಮತ್ತೆ ಮುಚ್ಚಿ, ಟೋಪಿ ತೆಗೆದು ಒಂದು ನಿಮಿಷ ನಿಲ್ಲುತ್ತಿದ್ದ. ಆಮೇಲೆ ಒಂದು ಶಾಲಾ ನೋಟುಪುಸ್ತಕದಲ್ಲಿ ಸತ್ತವರ ಹೆಸರು, ಯಾವ ಗೋಲುಕಂಬದಿಂದ ಎಷ್ಟು ಹೆಜ್ಜೆ ಎಂದು ಬರೆದುಕೊಳ್ಳುತ್ತಿದ್ದ. ನಮ್ಮೂರ ಮಳೆಗೆ ಶಾಯಿ ನಿಲ್ಲುವುದಿಲ್ಲವೆಂದು ಎಲ್ಲವನ್ನೂ ಪೆನ್ಸಿಲಿನಲ್ಲೇ ಬರೆಯುತ್ತಿದ್ದ. ಕ್ಲಬ್ಬಿನಲ್ಲಿ ಚಹಾ ಮಾರುತ್ತಿದ್ದ ಅವನ ಹೆಂಡತಿ ಬೆರಿಲ್ ಎಡಮೂಲೆಯ ಬಾವುಟದ ಬಳಿ ಇದ್ದಾಳೆ. ನನ್ನ ಅಪ್ಪ ಹರ್ಬರ್ಟ್ ಥಾರ್ಪ್ ಉತ್ತರದ ಗೋಲಿನಿಂದ ಒಂಬತ್ತು ಹೆಜ್ಜೆಯಲ್ಲಿದ್ದಾನೆ. ಒಟ್ಟು ಅರವತ್ತೊಂದು ಜನ.

ಇಷ್ಟರಲ್ಲಿ ಕ್ಲಬ್ಬನ್ನು ಗ್ಯಾವಿನ್ ಪಿಕರ್ಸ್‌ಗಿಲ್ ಕೊಂಡುಕೊಂಡ. ಅಡುಗೆಮನೆಯ ಕಪಾಟು ಮಾರಿ ದುಡ್ಡು ಮಾಡಿದವನು. ಮೂರು ವರ್ಷದಲ್ಲಿ ನಮ್ಮನ್ನು ಮೇಲಿನ ಲೀಗಿಗೆ ಏರಿಸುತ್ತೇನೆಂದ. ನಾವು ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ. ವಾರಕ್ಕೆ ನಲವತ್ತು ಸಾವಿರ ಪೌಂಡಿಗೆ ಒಬ್ಬ ಗೋಲು ಹೊಡೆಯುವವನನ್ನು ತಂದ. ಅವನು ಮಂಡಿ ಹಿಡಿದುಕೊಂಡು ಕೂತ. ಅವನ ಬದಲಿಗೆ ಇನ್ನೊಬ್ಬನನ್ನು ತಂದ. ಅವನಿಗೆ ನಮ್ಮೂರ ಚಳಿ ಒಗ್ಗಲಿಲ್ಲವಂತೆ. ಅದೇ ವರ್ಷ ಕ್ಲಿಫರ್ಡ್ ಹುಲ್ಲಿನ ಬೀಜಕ್ಕೆ ಬರೆದ ಅರ್ಜಿ, ಖರ್ಚು ಕಡಿಮೆ ಮಾಡಿ ಎಂಬ ಷರಾದೊಡನೆ ವಾಪಸು ಬಂತು.

ಕ್ಲಬ್ಬುಗಳು ಮೂರು ವರ್ಷಕ್ಕೆ ಇಷ್ಟೇ ನಷ್ಟ ಮಾಡಿಕೊಳ್ಳಬಹುದು, ಮೀರಿದರೆ ಅಂಕ ಕಡಿತ ಎಂದು ಲೀಗಿನ ನಿಯಮವಿದೆ. ನಾವು ಎಂದೋ ಮೀರಿದ್ದೆವು. ಅದಕ್ಕೆ ಪಿಕರ್ಸ್‌ಗಿಲ್ ಒಂದು ಉಪಾಯ ಹೂಡಿದ. ಮಿಲ್ ಲೇನ್ ಮೈದಾನವನ್ನು ತನ್ನದೇ ಇನ್ನೊಂದು ಕಂಪನಿಗೆ ಭಾರೀ ಬೆಲೆಗೆ ಮಾರಿ, ಕ್ಲಬ್ಬಿಗೆ ಲಾಭ ಬಂತೆಂದು ತೋರಿಸಿದ.

"ಬಲಗಡೆ ಜೇಬಿಂದ ತೆಗೆದು ಎಡಗಡೆ ಜೇಬಿಗೆ ಹಾಕ್ಕೊಂಡು, ಸಂಪಾದನೆ ಆಯ್ತು ಅಂತಾನಲ್ಲ, ಇವನ ಹತ್ರ ಕಪಾಟು ಕೊಂಡ ಜನ ಎಂಥೋರಿರಬೇಕು," ಎಂದ ಕ್ಲಿಫರ್ಡ್.

ಆ ಬೆಲೆ ಕಟ್ಟಿದವನು ಪಿಕರ್ಸ್‌ಗಿಲ್‌ನ ಗಾಲ್ಫ್ ಗೆಳೆಯ. ನಾಳೆ ಇಲ್ಲಿ ಮನೆಗಳ ಸಾಲು ಎಬ್ಬಿಸಬಹುದೆಂದು ಲೆಕ್ಕ ಹಾಕಿ ಅಂಕಿ ಬರೆದಿದ್ದ. ಲೀಗಿನವರಿಗೆ ಅನುಮಾನ ಬಂತು. ಮಾರ್ಚ್ ತಿಂಗಳಲ್ಲಿ, ನಾವು ಪಟ್ಟಿಯಲ್ಲಿ ಮೂರನೆಯ ಸ್ಥಾನದಲ್ಲಿದ್ದಾಗ, ತಮ್ಮ ಕಡೆಯಿಂದ ಬೆಲೆ ಕಟ್ಟಲು ಒಬ್ಬರನ್ನು ಕಳಿಸುತ್ತೇವೆಂದರು. ಬೆಲೆ ನಿಂತರೆ ನಮಗೆ ಮೇಲಿನ ಲೀಗಿಗೆ ಬಡ್ತಿಯ ಅವಕಾಶ. ಬಿದ್ದರೆ ಅಂಕ ಹೋಗಿ ಮತ್ತೆ ಅದೇ ಲೀಗು.

ನಾನು ಅಭಿಮಾನಿಗಳ ಸಂಘದ ಕಾರ್ಯದರ್ಶಿ, ನಿವೃತ್ತ ಬಸ್ ಡ್ರೈವರ್. ಪಿಕರ್ಸ್‌ಗಿಲ್ ನನ್ನನ್ನು ಕರೆಸಿಕೊಂಡ.

"ಅಲನ್, ಮುದುಕ ನಿಮ್ಮ ಮಾತು ಕೇಳ್ತಾನೆ. ಆ ಪುಸ್ತಕ ಹರಿದು ಹಾಕೋಕೆ ಹೇಳಿ. ಅದು ಇದ್ರೆ ಸಾಕ್ಷಿ. ಇಲ್ದಿದ್ರೆ ಬರೀ ಮುದುಕನ ಕಥೆ. ಹೆಣದ ಬೂದಿ ಇರೋ ಜಾಗದಲ್ಲಿ ಯಾರು ಮನೆ ಕಟ್ತಾರೆ? ಬೆಲೆ ಅರ್ಧಕ್ಕಿಳಿಯುತ್ತೆ."

ಅವನ ಮುಖಕ್ಕೆ ಉಗಿದು ಬರಬೇಕಿತ್ತು. ನಾನು ಮಾಡಿದ್ದೇನು? ಸರಿ, ಹೇಳಿ ನೋಡ್ತೀನಿ ಎಂದೆ. ಐವತ್ತೆರಡು ವರ್ಷದಿಂದ ಮೇಲಿನ ಲೀಗಿಗೆ ಕಾದವನು ನಾನು. ಆ ಆಸೆ ತಲೆಗೇರಿದಾಗ ಮಾನ, ಮರ್ಯಾದೆ ಒಂದೂ ನೆನಪಾಗುವುದಿಲ್ಲ.

ಕ್ಲಿಫರ್ಡ್ ಮೈದಾನದ ಮೂಲೆಯ ಶೆಡ್ಡಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಅಲಗು ಮಸೆಯುತ್ತಿದ್ದ. ನಾನು ಸುತ್ತಿಬಳಸಿ ವಿಷಯ ಹೇಳಿದೆ. ಅವನು ಕೂಗಾಡಲಿಲ್ಲ. ಚಹಾಕ್ಕೆ ನೀರಿಟ್ಟು, ಪುಸ್ತಕ ತೆಗೆದು ನನ್ನ ಮುಂದಿಟ್ಟ. ಪಕ್ಕದಲ್ಲಿ ಒಂದು ರಬ್ಬರು ಇಟ್ಟ.

"ಹರಿದು ಹಾಕೋಕೆ ನನ್ನ ಕೈಲಾಗಲ್ಲಪ್ಪ. ನೀನೇ ಅಳಿಸು. ನಿಮ್ಮಪ್ಪನಿಂದ್ಲೇ ಶುರು ಮಾಡು."

"ಕ್ಲಿಫ್, ತಮಾಷೆ ಮಾಡಬೇಡ ಮಾರಾಯ."

"ತಮಾಷೆ ಯಾಕೆ ಮಾಡ್ಲಿ? ಬೆರಿಲ್‌ಗೂ ನಾವು ಮೇಲೆ ಹೋಗೋದು ನೋಡಬೇಕಂತ ಆಸೆ ಇತ್ತು. ಅಳಿಸು."

ಹೇಳಲು ನಾಚಿಕೆಯಾಗುತ್ತದೆ, ನಾನು ರಬ್ಬರು ಕೈಗೆತ್ತಿಕೊಂಡೆ. ಅಪ್ಪನ ಹೆಸರಿನ ಮೊದಲ ಅಕ್ಷರದ ಮೇಲೆ ಉಜ್ಜಿದೆ. ಅಕ್ಷರ ಹೋಯಿತು. ಅದು ಅಷ್ಟು ಸುಲಭವಾಗಿ ಹೋಗುತ್ತದೆಂದು ನಾನು ಎಣಿಸಿರಲಿಲ್ಲ. ರಬ್ಬರು ಕೆಳಗಿಟ್ಟು, ಅವನ ಮುಖ ನೋಡದೆ ಎದ್ದು ಬಂದೆ. ಅವನು ಹಿಂದಿನಿಂದ, "ಚಹಾ ಆದ್ರೂ ಕುಡ್ಕೊಂಡು ಹೋಗೋ," ಎಂದದ್ದು ಕೇಳಿಸಿತು.

ಗುರುವಾರ ಬೆಲೆ ಕಟ್ಟುವವಳು ಬಂದಳು. ಮಿಸ್ ಹೇವುಡ್ ಎಂದು ಹೆಸರು, ಮೂವತ್ತರ ಆಸುಪಾಸು. ಎತ್ತರದ ಹಿಮ್ಮಡಿಯ ಬೂಟಿನಲ್ಲಿ ಹುಲ್ಲಿಗೆ ಇಳಿಯಹೊರಟವಳನ್ನು ತಡೆದು ಕ್ಲಿಫರ್ಡ್ ಬೆರಿಲ್‌ಳ ರಬ್ಬರು ಬೂಟು ತಂದುಕೊಟ್ಟ. ಪಿಕರ್ಸ್‌ಗಿಲ್ ಅವಳ ಬೆನ್ನಿಗೇ ಅಂಟಿಕೊಂಡಿದ್ದ. ನಾನು ಬೇಲಿಯ ಹೊರಗೆ ನಿಂತಿದ್ದೆ.

"ನೆಲದ ಕೆಳಗೆ ನನಗೆ ಗೊತ್ತಾಗಬೇಕಾದ್ದು ಏನಾದ್ರೂ ಇದೆಯಾ?" ಎಂದು ಅವಳು ಕೇಳಿದಳು. "ಹಳೇ ಗಣಿ, ಪೈಪು, ಅಂಥದ್ದು?"

"ನೀರು ಹೋಗೋ ಪೈಪು ಇದೆ ಕಣಮ್ಮ," ಎಂದ ಕ್ಲಿಫರ್ಡ್. "ಕರೆಂಟಿನ ತಂತಿ ಇದೆ. ಅರವತ್ತೊಂದು ಜನ ಇದಾರೆ."

ಒಂದೂವರೆ ಗಂಟೆ ಅವಳನ್ನು ಮೈದಾನದ ತುಂಬ ನಡೆಸಿದ. ಒಬ್ಬೊಬ್ಬರ ಹತ್ತಿರವೂ ನಿಂತು, ಹೆಸರು ಓದಿ, ಅವರು ಯಾವ ಕೆಲಸದಲ್ಲಿದ್ದರು, ಯಾವ ಸಾಲಿನಲ್ಲಿ ನಿಂತು ಯಾರನ್ನು ಬೈಯುತ್ತಿದ್ದರು ಎಂದೆಲ್ಲ ಹೇಳಿದ. ಉತ್ತರದ ಗೋಲಿನಿಂದ ಒಂಬತ್ತು ಹೆಜ್ಜೆ ಅಳೆದು ನಿಂತಾಗ ನಾನು ಬೇರೆ ಕಡೆ ತಿರುಗಿದೆ.

ಬೆಲೆ ಅರ್ಧಕ್ಕೂ ಕೆಳಗೆ ಬಿತ್ತು. ಏಪ್ರಿಲ್‌ನಲ್ಲಿ ಆರು ಅಂಕ ಕಿತ್ತುಕೊಂಡರು. ಎರಡು ಅಂಕದಿಂದ ಬಡ್ತಿಯ ಕಡೆಯ ಅವಕಾಶವೂ ತಪ್ಪಿತು.

ಇನ್ನು ನಮ್ಮೂರಿನವರ ಬುದ್ಧಿ ನೋಡಿ. ದುಡ್ಡು ಸುರಿದು ಸುಳ್ಳು ಬೆಲೆ ಬರೆಸಿದವನು ಪಿಕರ್ಸ್‌ಗಿಲ್. ಬೈಸಿಕೊಂಡವನು ಕ್ಲಿಫರ್ಡ್. ಮೀನು ಕರಿಯುವ ಅಂಗಡಿಯ ಸಾಲಿನಲ್ಲಿ ಅವನ ಮುಂದೆಯೇ, "ಸತ್ತೋರಿಗೋಸ್ಕರ ಬದುಕಿದ್ದೋರ ಬಾಯಿಗೆ ಮಣ್ಣು ಹಾಕಿದ ಪುಣ್ಯಾತ್ಮ," ಎಂದ ಒಬ್ಬ. ಹಾಗೆಂದವನ ಅತ್ತೆಯೇ ಪುಸ್ತಕದಲ್ಲಿದ್ದಾಳೆ. ಜುಲೈನಲ್ಲಿ ಪಿಕರ್ಸ್‌ಗಿಲ್ ಇನ್ನೊಬ್ಬ ಗೋಲು ಹೊಡೆಯುವವನನ್ನು ತಂದ. ಜನ ಪಿಕರ್ಸ್‌ಗಿಲ್‌ನ ಹೆಸರು ಕೂಗಿದರು. ಅದೇ ವಾರ ಖರ್ಚು ಉಳಿಸಲೆಂದು ಕ್ಲಿಫರ್ಡನನ್ನು ಕೆಲಸದಿಂದ ತೆಗೆದು, ಹುಲ್ಲಿನ ಕೆಲಸವನ್ನು ಹೊರಗಿನ ಗುತ್ತಿಗೆದಾರರಿಗೆ ಕೊಟ್ಟ. ಆ ಹೊಸ ಆಟಗಾರನ ಒಂದು ವಾರದ ಸಂಬಳದಲ್ಲಿ ಕ್ಲಿಫರ್ಡ್ ಎರಡು ವರ್ಷ ಹುಲ್ಲು ಕತ್ತರಿಸುತ್ತಿದ್ದ. ಇದಕ್ಕೆ ತಲೆ ಚಚ್ಚಿಕೊಳ್ಳುವುದಾದರೂ ಎಷ್ಟು ಸಲ?

ಕೆಲಸದ ಕೊನೆಯ ದಿನ ಕ್ಲಿಫರ್ಡ್ ನಮ್ಮ ಮನೆಗೆ ಬಂದ. ಒಳಗೆ ಕರೆದರೂ ಬರಲಿಲ್ಲ. ಬಾಗಿಲಲ್ಲೇ ನಿಂತು ಪುಸ್ತಕ ನನ್ನ ಕೈಗಿಟ್ಟ.

"ಹೊಸಬರಿಗೆ ಕೊಟ್ರೆ ಕಸಕ್ಕೆ ಹಾಕ್ತಾರೆ. ನೀನು ಇಟ್ಕೋ. ನಂದು ಬೆರಿಲ್ ಪಕ್ಕ, ಮರೀಬೇಡ."

"ನನಗ್ಯಾಕೋ ಕ್ಲಿಫ್? ನಾನು ಅವತ್ತು..."

"ಒಂದು ಅಕ್ಷರ ಅಳಿಸಿ ನಿಲ್ಲಿಸಿದೆ. ನಾನಾಗಿದ್ರೆ ಎಷ್ಟು ಅಳಿಸ್ತಿದ್ನೋ," ಎಂದು ಟೋಪಿ ಸರಿಮಾಡಿಕೊಂಡು ಹೋದ.

ಅವನು ಬೀದಿ ದಾಟಿದ ಮೇಲೆ ಪುಸ್ತಕ ತೆರೆದೆ. ಅರವತ್ತು ಹೆಸರು ಪೆನ್ಸಿಲಿನಲ್ಲೇ ಇದ್ದವು. ಅಪ್ಪನ ಹೆಸರನ್ನು ಮಾತ್ರ ಮೊದಲ ಅಕ್ಷರದಿಂದ ಶಾಯಿಯಲ್ಲಿ ಬರೆದು, ನೀರು ತಾಗದಂತೆ ಮೇಲೆ ಟೇಪು ಅಂಟಿಸಿದ್ದ.