ದಾರ ಎಲ್ಲಿ ತುಂಡಾಗಬೇಕು

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನಿಂದ ಧೈರ್ಯದ ಕಥೆ ನಿರೀಕ್ಷಿಸಬಾರದು. ನರ್ಸ್ ಕೆಲಸ ಮಾಡುತ್ತಾ ವರ್ಷಗಳೇ ಕಳೆದಿವೆ, ರಕ್ತ ಕಂಡರೆ ನನಗೆ ಏನೂ ಅನ್ನಿಸುವುದಿಲ್ಲ. ನೀರು ಕಂಡರೆ ಮಾತ್ರ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ದೇಶ ಬಿಟ್ಟು ಕ್ರೈಸ್ಟ್‌ಚರ್ಚಿಗೆ ಬಂದ ಮೇಲೆ ಈಜು ಕಲಿಯಲು ಎರಡು ಸಲ ಹೆಸರು ಕೊಟ್ಟೆ. ಎರಡು ಸಲವೂ ಕೊಳದ ಬಾಗಿಲಿನಿಂದಲೇ ವಾಪಸು ಬಂದೆ.

ಅಪ್ಪ ನನಗೆ ತದ್ವಿರುದ್ಧ. ನಮ್ಮದು ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಂಡೆಯ ಊರು. ಅಪ್ಪ ಲೈನ್‌ಮನ್ ಆಗಿದ್ದವನು. ಗಾಳಿಮಳೆಯಲ್ಲಿ ಕರೆಂಟು ಹೋದರೆ ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿರುವಾಗ ಇವನು ಕಂಬ ಹತ್ತುತ್ತಿದ್ದ. ಭಾನುವಾರ ಬಂದರೆ ಬಿದಿರು ಗಳ, ನೈಲಾನ್ ದಾರ, ಡಬ್ಬಿ ತುಂಬ ಎರೆಹುಳು ತೆಗೆದುಕೊಂಡು ಹೊಳೆಗೆ ಹೊರಡುತ್ತಿದ್ದ. ಅವನಿಗೆ ಹೆದರಿಕೆಯಾದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಕಳೆದ ಜನವರಿಯಲ್ಲಿ, ಇಲ್ಲಿ ಆಗ ಬೇಸಿಗೆ, ಅವನೊಬ್ಬನೇ ನಮ್ಮ ಮನೆಗೆ ಬಂದ. ತಂಗಿಯ ಬಾಣಂತನ ಇದ್ದದ್ದರಿಂದ ಅಮ್ಮನಿಗೆ ಬರಲಾಗಲಿಲ್ಲ. ಫೋನಿನಲ್ಲಿ ಒಂದೇ ಮಾತು ಹೇಳಿದಳು, "ನಿಮ್ಮಪ್ಪನ್ನ ಒಬ್ಬನ್ನೇ ನೀರ್ ಹತ್ರ ಬುಡಬ್ಯಾಡ ಕಣವ್ವ. ವಯಸ್ಸಾಯ್ತು ಅನ್ನೋದು ಅವನಿಗೆ ಗೊತ್ತಿಲ್ಲ." ನನ್ನ ಗಂಡನಿಗೆ ಶನಿವಾರವೂ ಕೆಲಸ. ಹಾಗಾಗಿ ಅಪ್ಪನನ್ನು ಕಾಯುವ ಹೊಣೆ ಪೂರ್ತಿ ನನ್ನ ತಲೆಗೇ ಬಂತು.

ಬಂದ ನಾಲ್ಕನೇ ದಿನವೇ ಕೇಳಿದ, "ಇಲ್ಲಿ ಹೊಳೇಲಿ ಏನ್ ಮೀನವ್ವ?" ಟ್ರೌಟ್ ಅಂತ ಒಂದಿದೆ, ಬೇಸಿಗೆಯಲ್ಲಿ ಸಮುದ್ರದಿಂದ ಸಾಲ್ಮನ್ ಕೂಡ ಹೊಳೆಗೆ ಏರಿ ಬರುತ್ತದೆ ಅಂದೆ. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಆಗುತ್ತಿತ್ತು. ಮೀನು ಸಮುದ್ರ ಬಿಟ್ಟು ಹೊಳೆ ಹತ್ತಿ ಬರುವುದನ್ನು ಕೇಳಿ ಅಪ್ಪನಿಗೆ ಆ ರಾತ್ರಿ ನಿದ್ದೆಯೇ ಬರಲಿಲ್ಲವಂತೆ. ಇಬ್ಬರ ಹೆಸರಿನಲ್ಲೂ ಲೈಸೆನ್ಸ್ ತೆಗೆದೆ. ಮೀನು ಹಿಡಿಯಲು ಲೈಸೆನ್ಸ್ ಬೇಕೆಂದಾಗ ಅವನು ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಗಾಳದ ಸಾಮಾನಿನ ಅಂಗಡಿಯಲ್ಲಿ ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ ವಯಸ್ಸಾದ ಹೆಂಗಸೊಬ್ಬರು ಇದ್ದರು. ಟ್ರೌಟ್‌ಗೆ ಸಣ್ಣ ರಾಡ್, ತೆಳು ದಾರ, ಚಿಕ್ಕ ಸ್ಪಿನ್ನರ್ ಸಾಕು ಎಂದರು. ಸ್ಪಿನ್ನರ್ ಅಂದರೆ ನೀರಿನಲ್ಲಿ ತಿರುಗುತ್ತಾ ಮಿನುಗುವ ತಗಡಿನ ಗಾಳ. ಸಾಲ್ಮನ್‌ಗೆ ಉದ್ದನೆಯ ರಾಡ್ ಬೇಕು, ದಾರ ಸುತ್ತುವ ದೊಡ್ಡ ರೀಲ್ ಬೇಕು, ತೂಕದ ಗಾಳ ಬೇಕು. ಅಪ್ಪ ಸಾಲ್ಮನ್ ರಾಡನ್ನೇ ಎತ್ತಿಕೊಂಡು, ಎಲ್ಲ ದಾರಗಳನ್ನೂ ಬೆರಳಿಗೆ ಸುತ್ತಿ ಎಳೆದು ನೋಡಿ, ಇದ್ದುದರಲ್ಲಿ ಅತಿ ಗಟ್ಟಿಯಾದ ಹೆಣೆದ ದಾರವನ್ನು ಆರಿಸಿದ. ಆಕೆ ಅದನ್ನು ರೀಲಿಗೆ ಸುತ್ತಿಕೊಟ್ಟು, ಅದರ ತುದಿಗೆ ಎರಡು ಮಾರು ತೆಳು ನೈಲಾನ್ ದಾರ ಕಟ್ಟಿ, ಗಾಳವನ್ನು ಅದಕ್ಕೆ ಕಟ್ಟಬೇಕು ಎಂದರು.

ಗಟ್ಟಿ ದಾರದ ತುದಿಗೆ ತೆಳು ದಾರ ಯಾಕೆ ಅಂತ ಅಪ್ಪ ನನ್ನ ಮೂಲಕ ಕೇಳಿಸಿದ. ಗಾಳ ತಳದಲ್ಲಿ ಸಿಕ್ಕಿಕೊಂಡರೆ ಏನಾದರೂ ಒಂದು ತುಂಡಾಗಲೇಬೇಕಲ್ಲ, ಅದು ಎಲ್ಲಿ ಅಂತ ಇವತ್ತೇ ತೀರ್ಮಾನ ಮಾಡಿಕೊಂಡು ಹೋಗಿ, ಎಂದರು ಆಕೆ.

"ತುಂಡಾಗೋ ದಾರವ ಯಾರಾರ ದುಡ್ ಕೊಟ್ ತಗತಾರಾ?" ಅಂದ ಅಪ್ಪ.

"ಫ್ಯೂಸ್ ಇದ್ದಂಗೆ ಕಣಪ್ಪ," ಅಂದೆ.

ಫ್ಯೂಸ್ ಕಿತ್ತು ದಪ್ಪ ತಂತಿ ಹಾಕಿಕೊಂಡವರ ಮನೆಗಳಿಗೆ ಹೋಗಿ ಬಾಯಿಗೆ ಬಂದಂತೆ ಬೈದು ಬಂದವನು ಅಪ್ಪ. ಆ ತೆಳು ದಾರದ ಸುರುಳಿಯನ್ನು ತಾನೇ ಎತ್ತಿ ಬುಟ್ಟಿಗೆ ಹಾಕಿದ.

ನೀರಿಗೆ ಇಳಿಯುವುದಾದರೆ ಎದೆಮಟ್ಟದ ರಬ್ಬರ್ ಉಡುಪು, ನಡುವಿಗೆ ಪಟ್ಟಿ ಬೇಕೆಂದು ಆಕೆ ತೋರಿಸಿದಾಗ ಅಪ್ಪ ಬೇಡವೆಂದು ಕೈಯಾಡಿಸಿದ. ನನಗೆ ಒಳಗೊಳಗೇ ಸಮಾಧಾನವಾಯಿತು. ಉಡುಪಿಲ್ಲ, ಹಾಗಾಗಿ ನೀರಿಗೆ ಇಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ. ನಲವತ್ತು ವರ್ಷ ಚಡ್ಡಿಯಲ್ಲೇ ಕಾವೇರಿಗೆ ಇಳಿದವನ ಮಗಳು ಹಾಗೆ ಅಂದುಕೊಂಡದ್ದು ಶುದ್ಧ ದಡ್ಡತನ. ಹೊರಡುವಾಗ ಆಕೆ ನನ್ನನ್ನು ಮಾತ್ರ ತಡೆದು, ನೀರಿನ ಅಂಚಿಗೆ ಒಂದು ಕಲ್ಲಿಟ್ಟು ಆಗಾಗ ನೋಡುತ್ತಿರಿ, ಕಲ್ಲು ಮುಳುಗಿದರೆ ಗಂಟುಮೂಟೆ ಕಟ್ಟಿ ಎಂದರು. ನನ್ನ ಮುಖ ನೋಡಿಯೇ ಹೇಳಿರಬೇಕು.

ಶನಿವಾರ ಬೆಳಿಗ್ಗೆ ಹೋದೆವು. ಊರಿನಿಂದ ದಕ್ಷಿಣಕ್ಕೆ ಒಂದು ಗಂಟೆಯ ದಾರಿ. ಆ ಹೊಳೆ ಒಂದೇ ಹೊಳೆಯಲ್ಲ. ಕಣ್ಣು ಹಾಯುವಷ್ಟು ಅಗಲಕ್ಕೂ ಬೂದು ಬಣ್ಣದ ಉರುಟುಕಲ್ಲು ಹರಡಿಕೊಂಡಿದೆ, ಅದರ ನಡುವೆ ನೀರು ಐದಾರು ಕವಲಾಗಿ ಹರಿಯುತ್ತದೆ. ಹಿಮ ಕರಗಿದ ನೀರು, ಅಕ್ಕಿ ತೊಳೆದ ನೀರಿಗೆ ಚೂರು ನೀಲಿ ಹಾಕಿದ ಬಣ್ಣ. ಬೆರಳು ಅದ್ದಿ ನೋಡಿದೆ, ಮೂಳೆಗೇ ಚಳಿ ಹತ್ತಿತು. ನೀರು ಸದ್ದು ಮಾಡದೆ ಓಡುತ್ತಿತ್ತು, ನನಗೆ ಅದೇ ಹೆಚ್ಚು ಭಯವಾಯಿತು. ಒಂದು ಬಿಳಿ ಕಲ್ಲು ಹುಡುಕಿ ಅಂಚಿನಲ್ಲಿಟ್ಟು ಅದರ ಪಕ್ಕದಲ್ಲೇ ಕೂತೆ.

ಬಿಸಿಲು ಚೆನ್ನಾಗಿತ್ತು. ಬೆಟ್ಟದ ಕಡೆಯಿಂದ ಬಿಸಿ ಗಾಳಿ ಬೀಸುತ್ತಿತ್ತು, ಬೆಟ್ಟದ ತುದಿಯಲ್ಲಿ ಮಾತ್ರ ಕಪ್ಪು ಮೋಡ ಮುಚ್ಚಿತ್ತು. ಅಲ್ಲಿ ಮಳೆ ಸುರಿಯುತ್ತಿದ್ದರೆ ಇಲ್ಲಿ ಒಂದು ಹನಿಯೂ ಬೀಳದೆ ಹೊಳೆ ಏರುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ನಮ್ಮೂರಲ್ಲಿ ಅಣೆಕಟ್ಟೆಯ ಗೇಟು ತೆಗೆಯುವ ಮೊದಲು ಹೊಳೆಯ ಹತ್ತಿರ ಹೋಗಬೇಡಿ ಅಂತ ಮೈಕಿನಲ್ಲಿ ಕೂಗುತ್ತಾರೆ. ಅಪ್ಪನ ತಲೆಯಲ್ಲಿ ಹೊಳೆ ಏರುವುದು ಅಂದರೆ ಅದೇ. ಯಾರೂ ಕೂಗಿಲ್ಲ ಅಂದರೆ ಹೊಳೆ ಇದ್ದ ಹಾಗೇ ಇರುತ್ತದೆ.

ಹತ್ತು ಗಂಟೆಯ ಹೊತ್ತಿಗೆ ಅಪ್ಪನಿಗೆ ರೀಲ್ ಕೈಗೆ ಹತ್ತಿತು. ಮೀನೊಂದೂ ಬರಲಿಲ್ಲ. ಆದರೂ ಅವನ ಮುಖ ನೋಡಬೇಕಿತ್ತು. ಮಧ್ಯೆ ನನ್ನ ಕೈಗೂ ರಾಡ್ ಕೊಟ್ಟು ಪಾಠ ಮಾಡಿದ. "ದೊಡ್ಡದು ಕಚ್ಕೊಂಡ್ರೆ ಎಳೀಬ್ಯಾಡ. ನೀರು ಎತ್ತಗೆ ಹೋಯ್ತದೋ ಅತ್ತಗೆ ನೀನೂ ದಡದ ಮ್ಯಾಲೆ ನಡಿ. ದಾರ ಬಿಗಿ ಇರ್ಲಿ, ಅಷ್ಟೇಯ. ಸುಸ್ತಾದ್ಮೇಲೆ ಅದೇ ದಡಕ್ಕೆ ಬತ್ತದೆ." ನಾನು ಹೂಂ ಅಂದು ಮತ್ತೆ ನನ್ನ ಕಲ್ಲಿನ ಹತ್ತಿರ ಹೋಗಿ ಕೂತೆ.

ಆಮೇಲೆ ಗಾಳ ಸಿಕ್ಕಿಕೊಂಡಿತು. ದಡದಿಂದ ಹದಿನೈದು ಮಾರು ದೂರದಲ್ಲಿ ಬುಡಮೇಲಾದ ಮರದ ದಿಮ್ಮಿಯೊಂದು ಅರ್ಧ ಮುಳುಗಿ ಕೂತಿತ್ತು, ಅದರ ಬೇರಿಗೆ. ಅಪ್ಪ ಆ ಕಡೆ ಈ ಕಡೆ ನಡೆದು ಎಳೆದು ನೋಡಿದ, ಬರಲಿಲ್ಲ.

"ಜೋರಾಗಿ ಎಳೆದು ತುಂಡು ಮಾಡಪ್ಪ, ಅದಕ್ಕೇ ತಾನೆ ತೆಳು ದಾರ ತಂದಿರೋದು," ಅಂದೆ.

"ಗಾಳ ಬುಟ್ಟು ಬತ್ತಾರಾ ಯಾರಾದ್ರೂ? ತಡಿ, ಬುಡಿಸ್ಕೊಂಡ್ ಬತ್ತೀನಿ."

ಇದು ನಮ್ಮೂರಿನ ರೂಢಿ. ಗಾಳವನ್ನು ನೀರಿಗೆ ಬಿಟ್ಟು ಬಂದವನನ್ನು ಸೋಮವಾರ ಟೀ ಅಂಗಡಿಯಲ್ಲಿ ಆಡಿಕೊಳ್ಳುತ್ತಾರೆ. ದಾರ ಹಿಡಿದುಕೊಂಡೇ ನೀರಿಗಿಳಿದು, ಕಾಲಲ್ಲಿ ತಡಕಿ, ಕೈಯಲ್ಲಿ ಬಿಡಿಸಿಕೊಂಡು ಬರಬೇಕು. ಅಪ್ಪ ಪ್ಯಾಂಟು ಬಿಚ್ಚಿಟ್ಟು ಚಡ್ಡಿಯಲ್ಲಿ ನಿಂತ. ರಾಡನ್ನು ನನ್ನ ಕೈಗೆ ತುರುಕಿದ. ಗಟ್ಟಿ ದಾರವನ್ನು ಬಲಗೈಗೆ ಎರಡು ಸುತ್ತು ಸುತ್ತಿಕೊಂಡು, ಅದನ್ನೇ ಹಿಡಿದು ಇಳಿದೇಬಿಟ್ಟ. ಬೇಡ ಅಂತ ನಾನು ಕಾಲು ಹಿಡಿಯುವುದೊಂದು ಬಾಕಿ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮೊಣಕಾಲಿಗೆ ಬಂತು, ತೊಡೆಗೆ ಬಂತು. ಅವನನ್ನು ನೋಡಲಾರದೆ ಕಲ್ಲಿನ ಕಡೆ ನೋಡಿದೆ. ಕಲ್ಲು ಇರಲಿಲ್ಲ. ಅದಿದ್ದ ಕಡೆ ನೀರಿತ್ತು, ಆ ನೀರು ನೀಲಿಯಾಗಿಯೂ ಇರಲಿಲ್ಲ, ಚಹಾದ ಬಣ್ಣಕ್ಕೆ ತಿರುಗಿತ್ತು.

"ಅಪ್ಪ, ನೀರು ಏರ್ತಾ ಅದೆ, ಬಾ ಇತ್ತಗೆ."

"ಸುಮ್ಕಿರು. ಕೈಗೆ ಸಿಕ್ತು."

ಅಷ್ಟರಲ್ಲಿ ದಿಮ್ಮಿ ಅಲುಗಿತು. ಮಲಗಿದ್ದ ಎಮ್ಮೆ ಎದ್ದ ಹಾಗೆ ಮೆಲ್ಲಗೆ ಹೊರಳಿ ನೀರಿನ ಜೊತೆ ಹೊರಟಿತು. ಅದರ ಬೇರಿನಲ್ಲಿ ಗಾಳ, ಗಾಳದ ಹಿಂದೆ ಅಪ್ಪನ ಕೈ. ಅವನ ತೋಳು ಮುಂದಕ್ಕೆ ಚಾಚಿಕೊಂಡಿತು, ಆಮೇಲೆ ತಲೆ ಕಾಣಲಿಲ್ಲ.

ಅದೇ ಕ್ಷಣದಲ್ಲಿ ಎಲ್ಲೋ ಟಪ್ ಅಂದಿತು, ಕೈಯಲ್ಲಿದ್ದ ರಾಡ್ ಒಮ್ಮೆ ಹಗುರಾಯಿತು. ಎರಡು ಮಾರಿನ ತೆಳು ದಾರ ತುಂಡಾಗಿ ದಿಮ್ಮಿ ಒಂದೇ ಹೋಗುತ್ತಿತ್ತು. ಮರುಕ್ಷಣವೇ ರಾಡ್ ಬಿಲ್ಲಿನಂತೆ ಬಾಗಿ ರೀಲ್ ದಾರ ಬಿಚ್ಚುತ್ತಾ ಕಿರಿಚಿಕೊಳ್ಳತೊಡಗಿತು. ಈಗ ಆ ದಾರದ ತುದಿಯಲ್ಲಿ ಇದ್ದದ್ದು ಅಪ್ಪ ಒಬ್ಬನೇ.

ಆಗ ನನಗೆ ಏನನ್ನಿಸಿತು ಅನ್ನುವುದನ್ನು ಯಾರಿಗೂ ಹೇಳಿಲ್ಲ. ರಾಡ್ ಎಸೆದು ಕಾರಿನ ಕಡೆ ಓಡಿಹೋಗಬೇಕು ಅನ್ನಿಸಿತು. ಸಹಾಯಕ್ಕೆ ಯಾರನ್ನಾದರೂ ಕರೆಯಲು ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಆ ನೀರಿಗೆ ಬೆನ್ನು ಹಾಕಬೇಕಿತ್ತು, ಅಷ್ಟೇ. ಓಡದಿದ್ದದ್ದು ಯಾಕೆ ಅಂದರೆ ಕಾಲು ಬರಲಿಲ್ಲ. ರೀಲಿನ ಮೇಲೆ ಅಂಗೈ ಒತ್ತಿ ಹಿಡಿದೆ. ಅದು ಚರ್ಮ ಸುಡುತ್ತಾ ತಿರುಗಿ, ನಿಧಾನವಾಗಿ ನಿಂತಿತು. ನಾನು ಎಳೆಯಲು ಹೋದೆ, ದಾರ ಕಬ್ಬಿಣದ ಸರಳಾಯಿತು, ಕೆಳಗಡೆ ಅವನ ತಲೆ ಮತ್ತೆ ಮುಳುಗಿತು. ಆಗ ಎಳೀಬ್ಯಾಡ ಅಂದದ್ದು ನೆನಪಾಯಿತು.

ನಡೆದೆ. ಅಳುತ್ತಾ, ಕಲ್ಲುಗಳ ಮೇಲೆ ಎಡವುತ್ತಾ, ನೀರು ಹೋದ ಕಡೆಗೇ ನಡೆದೆ. ದಾರ ಬಿಗಿ ಇದೆಯೇ ಅನ್ನುವುದೊಂದನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಎಷ್ಟು ದೂರವೋ ಗೊತ್ತಿಲ್ಲ. ನೀರೇ ಅವನನ್ನು ನಿಧಾನವಾಗಿ ನನ್ನ ಕಡೆಯ ದಡಕ್ಕೆ ತಿರುಗಿಸಿತು. ಹೊಳೆ ಸ್ವಲ್ಪ ಒಳಕ್ಕೆ ಬಾಗಿದ ಕಡೆ ನೀರು ಮಂದವಾಗಿತ್ತು. ಅಲ್ಲಿ ಅಪ್ಪ ಮೊಣಕಾಲೂರಿದ. ಮಗುವಿನ ಹಾಗೆ ಅಂಬೆಗಾಲಿಟ್ಟುಕೊಂಡು ಕಲ್ಲುಗಳ ಮೇಲೆ ಬಂದು ಮುಖ ಅಡಿಯಾಗಿ ಬಿದ್ದುಕೊಂಡ.

ಅವನ ಬಲಗೈಯಲ್ಲಿ ದಾರ ಚರ್ಮ ಕೊಯ್ದು ಒಳಗೆ ಕೂತಿತ್ತು. ದಿನಾ ಬೇರೆಯವರ ಗಾಯ ಕಟ್ಟುವ ನಾನು ಆ ಎರಡು ಸುತ್ತನ್ನು ತಡವರಿಸುತ್ತಾ ಬಿಡಿಸಿದೆ. ದುಪಟ್ಟಾ ಹರಿಯಲು ಹೋಗಿ ಹರಿಯದೆ, ಹಾಗೇ ಉಂಡೆ ಮಾಡಿ ಒತ್ತಿ ಹಿಡಿದೆ. ತೆಳು ದಾರ ತುಂಡಾಗದೆ ಇದ್ದಿದ್ದರೆ ಆ ದಿಮ್ಮಿ ಈ ಕೈಯನ್ನೂ ಕೈಯ ಹಿಂದಿನವನನ್ನೂ ಸಮುದ್ರದ ತನಕ ಎಳೆದುಕೊಂಡು ಹೋಗುತ್ತಿತ್ತು. ನನ್ನ ಕಡೆಯ ಗಟ್ಟಿ ದಾರ ತುಂಡಾಗಿದ್ದರೂ ಅಷ್ಟೇ. ಇದೆಲ್ಲ ಆಮೇಲೆ ಹೊಳೆದದ್ದು. ಆಗ ನಾನು ಅವನನ್ನು ಬೈಯುತ್ತಿದ್ದೆ. ಅವನು ಹಲ್ಲು ಕಟಕಟಿಸುತ್ತಾ ನನ್ನ ಕಾಲಿನ ಕಡೆ ನೋಡುತ್ತಿದ್ದ. ನನ್ನ ಶೂ ಒಣಗಿಯೇ ಇದ್ದವು. ನಾನು ನೀರಿಗೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಅವನು ಒಳ್ಳೆಯದಾಯಿತು ಅನ್ನುವ ಹಾಗೆ ತಲೆಯಾಡಿಸಿದ.

ಕಾರಿನಲ್ಲಿ ಹೀಟರ್ ಹಾಕಿ ನೇರ ಕ್ಲಿನಿಕ್ಕಿಗೆ ಹೋದೆ. ಏಳು ಹೊಲಿಗೆ. ಕೈಗೆ ಕಾರಿನ ಬಾಗಿಲು ಬಡಿಯಿತು ಅಂತ ಅಮ್ಮನಿಗೆ ಹೇಳೋಣವೆಂದು ನಾನೇ ಅಂದೆ. ಅಪ್ಪ ಹೂಂ ಅಂದ. ದಾರಿಯುದ್ದಕ್ಕೂ ಅವನು ಆಡಿದ್ದು ಅದೊಂದೇ ಮಾತು. ಮೈ ಬೆಚ್ಚಗಾದರೆ ಮೊದಲಿನ ಹಾಗಾಗುತ್ತಾನೆ, ಗಾಳ ಹೋಯಿತಲ್ಲ ಅಂತ ಕೊರಗುತ್ತಾನೆ, ಅಂದುಕೊಂಡೆ.

ಸಂಜೆ ಹೊಲಿಗೆ ಹಾಕಿದ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಬಕೆಟ್‌ಗೆ ಬಿಸಿನೀರು ಬಿಟ್ಟುಕೊಟ್ಟೆ. ಬಚ್ಚಲಿಗೆ ಹೋದವನು ಬಾಗಿಲ ಸಂದಿಯಿಂದ ಮುಖ ತೋರಿಸಿದ.

"ಚಿಲ್ಕ ಹಾಕಕಿಲ್ಲ ಕಣವ್ವ. ನೀನ್ ಅಲ್ಲೇ ಇರು."

ಬಾಗಿಲ ಹೊರಗೆ ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಒಳಗೆ ಒಂದು ಮಗ್ಗು ನೀರು ಬಿದ್ದ ಸದ್ದು, ಆಮೇಲೆ ಏನೂ ಇಲ್ಲ.

"ಇದ್ದೀಯೇನವ್ವ?"

"ಇವ್ನಿ."

ಇನ್ನೊಂದು ಮಗ್ಗು. ಮತ್ತೆ ಅದೇ ಮೌನ, ಮತ್ತೆ ಅದೇ ಪ್ರಶ್ನೆ. ನಲವತ್ತು ವರ್ಷ ಕಂಬ ಹತ್ತಿದವನು ಒಂದು ಬಕೆಟ್ ನೀರಿನ ಮುಂದೆ ಹೆದರಿ ಕೂತಿದ್ದ. ಬೆಳಿಗ್ಗೆ ಹೊಳೆಯಲ್ಲಿ ಆದ ಭಯಕ್ಕಿಂತ ದೊಡ್ಡ ಭಯ ನನಗೆ ಆಗ ಆಯಿತು. ಇಷ್ಟು ವರ್ಷ ನಾನು ಕಂಡಕಂಡದ್ದಕ್ಕೆಲ್ಲ ಆರಾಮಾಗಿ ಹೆದರಿಕೊಂಡು ಬದುಕಿದ್ದೆ. ಹೆದರದವನು ಒಬ್ಬ ಮನೆಯಲ್ಲಿದ್ದಾನೆ ಅನ್ನುವ ಧೈರ್ಯದಿಂದ.

ಮೂರನೆಯ ಸಲ ಸದ್ದು ನಿಂತಾಗ ಅವನು ಕೇಳಲಿ ಅಂತ ಕಾಯಲಿಲ್ಲ. ನಾನೇ ಗಟ್ಟಿಯಾಗಿ ಹೇಳಿದೆ, "ಇಲ್ಲೇ ಇವ್ನಿ ಕಣಪ್ಪ, ನೀನ್ ಉಯ್ಕೋ."

ಸ್ವಲ್ಪ ಹೊತ್ತು ಬಿಟ್ಟು ಒಳಗೆ ನೀರು ಬಿದ್ದ ಸದ್ದು ಕೇಳಿಸಿತು.